ಕತೆಯೊಳಗಿನ ಮಾರ್ಫಿನ್

ಕತೆಗಳಲ್ಲಿ ನೋವು ಬಲು ಬೇಗ ನಿಂತುಬಿಡುತ್ತದೆ. ಗುಂಡೇಟು ತಿಂದ ನಾಯಕನನ್ನು ಸ್ಟ್ರೆಚರ್ ಮೇಲೆ ತರುತ್ತಾರೆ, ಡಾಕ್ಟರು ತೋಳಿಗೊಂದು ಇಂಜೆಕ್ಷನ್ ಚುಚ್ಚುತ್ತಾರೆ, ಮುಂದಿನ ವಾಕ್ಯಕ್ಕೆ ಅವನ ಕಣ್ಣು ಮುಚ್ಚಿರುತ್ತದೆ. ಮುಂದಿನ ಅಧ್ಯಾಯಕ್ಕೆ ಅವನು ಡ್ರಿಪ್ ಕಿತ್ತೆಸೆದು ಕಿಟಕಿಯಿಂದ ಹಾರಿರುತ್ತಾನೆ. ಗಾಯದ ವರ್ಣನೆಗೆ ಎರಡು ಪುಟ ಕೊಟ್ಟ ಲೇಖಕರೂ ಮದ್ದಿನ ವಿಷಯ ಬಂದಾಗ ಅರ್ಧ ಸಾಲಿನಲ್ಲಿ ಕೈತೊಳೆದುಕೊಳ್ಳುತ್ತಾರೆ. ಕತೆಗೆ ಬೇಕಾದ ಸರಕೆಲ್ಲ ಆ ಅರ್ಧ ಸಾಲಿನಲ್ಲೇ ಹೂತುಹೋಗುತ್ತದೆ ಎಂಬುದು ನನ್ನ ತಕರಾರು.

ಮಾರ್ಫಿನ್‌ನಿಂದಲೇ ಶುರುಮಾಡೋಣ. ಅಫೀಮಿನಿಂದ ಅದನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬೇರ್ಪಡಿಸಿದವನು ಜರ್ಮನಿಯ ಫ್ರೀಡ್ರಿಕ್ ಸೆರ್ಟರ್ನರ್, ಔಷಧದಂಗಡಿಯೊಂದರ ಸಹಾಯಕ. ತೀವ್ರ ನೋವಿನ ಮದ್ದುಗಳ ಶಕ್ತಿಯನ್ನು ಇಂದಿಗೂ ಅದಕ್ಕೆ ಹೋಲಿಸಿಯೇ ಹೇಳುತ್ತಾರೆ. ನೋವು ತಗ್ಗಿಸಲು ನಮ್ಮ ದೇಹ ತಾನೇ ತಯಾರಿಸಿಕೊಳ್ಳುವ ಎಂಡಾರ್ಫಿನ್‌ಗಳಿಗೆಂದು ನರಕೋಶಗಳ ಮೇಲೆ ಇರುವ ಗ್ರಾಹಕಗಳಲ್ಲಿ (ರಿಸೆಪ್ಟರ್) ಮಾರ್ಫಿನ್ ಹೋಗಿ ಕೂರುತ್ತದೆ. ಬೆನ್ನುಹುರಿಯಲ್ಲಿ ಕೂತಾಗ ಗಾಯದಿಂದ ಬರುವ ಸಂಕೇತ ಕ್ಷೀಣಿಸುತ್ತದೆ. ಮಿದುಳಿನಲ್ಲಿ ಕೂತಾಗ ಆ ಸಂಕೇತ ಹುಟ್ಟಿಸುವ ಸಂಕಟ ಇಳಿಯುತ್ತದೆ. ಹಾಗಾಗಿ ಮಾರ್ಫಿನ್ ಪಡೆದ ರೋಗಿಗಳು ಎಷ್ಟೋ ಸಲ ‘ನೋವು ಹೋಯಿತು’ ಎನ್ನುವುದಿಲ್ಲ. ನೋವು ಅಲ್ಲೇ ಇದೆ, ಆದರೆ ಮೊದಲಿನಷ್ಟು ಕಾಡುತ್ತಿಲ್ಲ ಎನ್ನುತ್ತಾರೆ. ಇಂಥ ಮನಃಸ್ಥಿತಿಯಲ್ಲಿ ಪಾತ್ರವೊಂದು ಏನು ಮಾತನಾಡೀತು, ಯಾವ ಗುಟ್ಟನ್ನು ಹಗುರವಾಗಿ ಹೇಳಿಬಿಟ್ಟೀತು? ನಿದ್ದೆ ಬರಿಸಿಬಿಟ್ಟರೆ ಅದೆಲ್ಲ ನಷ್ಟ.

ಇನ್ನು ಕೊಡುವ ಬಗೆ. 10 ಮಿಲಿಗ್ರಾಂ ಮಾರ್ಫಿನ್ ಇರುವ ಪುಟ್ಟ ಗಾಜಿನ ಆಂಪೂಲಿನ ಕುತ್ತಿಗೆ ಮುರಿದು, ಮದ್ದನ್ನು ಸಿರಿಂಜಿಗೆ ಎಳೆದು, ಸಲೈನ್ ಬೆರೆಸಿ 10 ಮಿಲಿಲೀಟರ್ ಮಾಡುತ್ತಾರೆ. ಈಗ ಒಂದು ಮಿಲಿಲೀಟರಿಗೆ ಒಂದು ಮಿಲಿಗ್ರಾಂ. ಅದರಲ್ಲಿ ಎರಡೋ ಮೂರೋ ಮಿಲಿಲೀಟರನ್ನು ನಿಧಾನವಾಗಿ ರಕ್ತನಾಳಕ್ಕೆ ಬಿಟ್ಟು ಕೆಲವು ನಿಮಿಷ ಕಾಯುತ್ತಾರೆ. ‘ಸೊನ್ನೆಯಿಂದ ಹತ್ತರೊಳಗೆ ಈಗ ನೋವು ಎಷ್ಟಿದೆ ಹೇಳಿ’ ಎಂದು ಕೇಳುತ್ತಾರೆ. ಎಂಟು ಎಂದರೆ ಇನ್ನೆರಡು ಮಿಲಿಲೀಟರ್, ಮತ್ತೆ ಕಾಯುವಿಕೆ. ರಕ್ತನಾಳಕ್ಕೆ ಕೊಟ್ಟರೂ ಪೂರ್ತಿ ಪರಿಣಾಮ ಕಾಣಲು ಕಾಲು ಗಂಟೆಯ ಹತ್ತಿರ ಬೇಕು. ಆಮೇಲೆ ಮೂರು ನಾಲ್ಕು ಗಂಟೆ ಆಸರೆ. ನರ್ಸ್ ಕಣ್ಣು ನೋವಿನ ಅಂಕಿಯ ಮೇಲೆ ಎಷ್ಟಿರುತ್ತದೋ ರೋಗಿಯ ಎದೆಯ ಏರಿಳಿತದ ಮೇಲೂ ಅಷ್ಟೇ ಇರುತ್ತದೆ. ಮದ್ದು ಹೆಚ್ಚಾದರೆ ಸಾಮಾನ್ಯವಾಗಿ ಮೊದಲು ಮಂಪರು ಕವಿಯುತ್ತದೆ, ಆಮೇಲೆ ಉಸಿರು ನಿಧಾನವಾಗುತ್ತದೆ. ಮಾತಾಡುತ್ತಿದ್ದ ರೋಗಿ ಅರ್ಧ ವಾಕ್ಯಕ್ಕೇ ಜೋಲುತ್ತಿದ್ದಾನೆಂದರೆ ಅದು ನೆಮ್ಮದಿಯ ನಿದ್ದೆ ಎಂದು ಸುಮ್ಮನಾಗುವಂತಿಲ್ಲ.

ರಕ್ತನಾಳ ಬಿಟ್ಟು ಚರ್ಮದಡಿಗೋ ಸ್ನಾಯುವಿಗೋ ಚುಚ್ಚಿದರೆ ಲೆಕ್ಕ ಬೇರೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಪಡೆಗಳ ಬಳಿ ಪುಟಾಣಿ ಟೂತ್‌ಪೇಸ್ಟ್ ಟ್ಯೂಬಿನಂಥ ಸಾಧನವಿತ್ತು. ತುದಿಯಲ್ಲಿ ಸೂಜಿ, ಒಳಗೆ ಅರ್ಧ ಗ್ರೇನ್, ಅಂದರೆ 30 ಮಿಲಿಗ್ರಾಂಗಿಂತ ತುಸು ಹೆಚ್ಚು ಮಾರ್ಫಿನ್. ಚುಚ್ಚಿ ಹಿಂಡಿದರೆ ಆಯಿತು. ಆದರೆ ರಕ್ತ ಸೋರಿ, ಚಳಿಯಲ್ಲಿ ಮರಗಟ್ಟಿ ಬಿದ್ದ ಸೈನಿಕನ ದೇಹ ಚರ್ಮಕ್ಕೆ ರಕ್ತ ಹರಿಯುವುದನ್ನೇ ಕಡಿಮೆ ಮಾಡಿರುತ್ತದೆ. ಮದ್ದು ಚುಚ್ಚಿದಲ್ಲೇ ಉಳಿಯುತ್ತದೆ. ನೋವು ಇಳಿಯಲಿಲ್ಲವೆಂದು ಇನ್ನೊಬ್ಬ ಬಂದು ಇನ್ನೊಂದು ಟ್ಯೂಬ್ ಹಿಂಡುತ್ತಾನೆ. ಬದುಕಿದೆ ಬಡಜೀವ ಎಂದು ಆಸ್ಪತ್ರೆ ತಲಪಿ, ಕಂಬಳಿ ಹೊದೆಸಿ ರಕ್ತ ಕೊಟ್ಟು ಮೈ ಬೆಚ್ಚಗಾದಾಗ ಅಷ್ಟೂ ಮಾರ್ಫಿನ್ ಒಮ್ಮೆಲೇ ರಕ್ತಕ್ಕೆ ನುಗ್ಗುತ್ತದೆ, ಉಸಿರು ಕಟ್ಟುತ್ತದೆ. ಅಮೆರಿಕದ ಅರಿವಳಿಕೆ ತಜ್ಞ ಹೆನ್ರಿ ಬೀಚರ್ ಯುದ್ಧಕಾಲದಲ್ಲೇ ಈ ತಡವಾದ ವಿಷಬಾಧೆಯ ಬಗ್ಗೆ ಎಚ್ಚರಿಸಿದ. ಖಾಲಿ ಟ್ಯೂಬನ್ನು ಗಾಯಾಳುವಿನ ಕಾಲರಿಗೆ ಸಿಕ್ಕಿಸುವ ರೂಢಿ ಇದ್ದದ್ದು ಮುಂದಿನವರಿಗೆ ಲೆಕ್ಕ ತಿಳಿಯಲೆಂದು. ಕಾಲರಿನಿಂದ ಕಳಚಿ ಕೆಸರಿಗೆ ಬಿದ್ದ ಒಂದು ಟ್ಯೂಬ್ ಸಾಕು, ಯುದ್ಧದ ಕತೆ ಬರೆಯುವವರಿಗೆ.

ಬೀಚರ್ ಇಟಲಿಯ ಯುದ್ಧಭೂಮಿಯಿಂದ ಇನ್ನೊಂದು ವಿಚಿತ್ರವನ್ನೂ ತಂದ. ತೀವ್ರವಾಗಿ ಗಾಯಗೊಂಡ 215 ಸೈನಿಕರನ್ನು ವಿಚಾರಿಸಿದಾಗ ಸುಮಾರು ಮುಕ್ಕಾಲು ಪಾಲು ಮಂದಿ ನೋವಿನ ಮದ್ದು ಬೇಡವೆಂದರು. 1946ರಲ್ಲಿ ಅವನು ಇದನ್ನು ಪ್ರಕಟಿಸಿದ. ಅವರ ನರಗಳೇನೂ ಸತ್ತಿರಲಿಲ್ಲ. ಸೂಜಿಯನ್ನು ಒರಟಾಗಿ ಚುಚ್ಚಿದರೆ ಎಲ್ಲರಂತೆ ಅವರೂ ರೇಗುತ್ತಿದ್ದರು. ಗಾಯವೆಂದರೆ ಅವರ ಪಾಲಿಗೆ ರಣರಂಗದಿಂದ ಬಿಡುಗಡೆ, ಹಾಗಾಗಿ ನೋವಿನ ಅರ್ಥವೇ ಬೇರೆಯಾಗಿತ್ತು ಎಂದು ಬೀಚರ್ ಊಹಿಸಿದ. ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ನರಮಾರ್ಗಗಳು ನೋವಿನ ಸಂಕೇತವನ್ನು ದಾರಿಯಲ್ಲೇ ತಡೆಯಬಲ್ಲವು ಎಂಬುದು ಆಮೇಲೆ ಗೊತ್ತಾಯಿತು. ಅಂದಮೇಲೆ ಗುಂಡು ಬಿದ್ದರೂ ಓಡುವ ನಾಯಕ ಪೂರಾ ಸುಳ್ಳಲ್ಲ. ಸಂಜೆಯವರೆಗೂ ಹಾಗೇ ಓಡಿದರೆ ಮಾತ್ರ ನನಗೆ ಅನುಮಾನ.

ಥ್ರಿಲ್ಲರ್ ಬರೆಯುವವರಿಗೆ ಫೆಂಟನಿಲ್ ಮೇಲೆ ಮೋಹ. ಬೆಲ್ಜಿಯಂನ ಪಾಲ್ ಯಾನ್ಸೆನ್ 1960ರ ಸುಮಾರಿಗೆ ತಯಾರಿಸಿದ ಈ ಮದ್ದು ಮಾರ್ಫಿನ್‌ಗಿಂತ ನೂರು ಪಟ್ಟು ಪ್ರಬಲ ಎಂದು ಬರೆದು ನೋವೂ ನೂರು ಪಟ್ಟು ಬೇಗ ಮಾಯವಾಯಿತೆನ್ನುತ್ತಾರೆ. ಪ್ರಬಲವೆಂದರೆ ಇಲ್ಲಿ ಕಡಿಮೆ ಪ್ರಮಾಣ ಸಾಕು ಎಂದಷ್ಟೇ: 10 ಮಿಲಿಗ್ರಾಂ ಮಾರ್ಫಿನ್ ಮಾಡುವ ಕೆಲಸವನ್ನು ಸುಮಾರು 100 ಮೈಕ್ರೋಗ್ರಾಂ, ಅಂದರೆ 0.1 ಮಿಲಿಗ್ರಾಂ ಫೆಂಟನಿಲ್ ಮಾಡುತ್ತದೆ. ಒಂದೆರಡು ನಿಮಿಷದಲ್ಲಿ ಕೆಲಸ ಶುರು, ಅರ್ಧ ಮುಕ್ಕಾಲು ಗಂಟೆಯಲ್ಲಿ ಮುಗಿತಾಯ.

ಜಜ್ಜಿದ ಬಸ್ಸಿನಲ್ಲಿ ಕಾಲು ಸಿಕ್ಕಿಕೊಂಡವರಿಗೆ, ಸುಟ್ಟಗಾಯದ ಬ್ಯಾಂಡೇಜ್ ಬದಲಿಸುವಾಗ, ಕೆಟಮಿನ್ ಎಂಬ ಅರಿವಳಿಕೆ ಮದ್ದು ಒದಗುತ್ತದೆ. 1962ರಲ್ಲಿ ಅಮೆರಿಕದಲ್ಲಿ ತಯಾರಾದ ಇದರ ದಾರಿಯೇ ಬೇರೆ. ಉಸಿರು, ರಕ್ತದೊತ್ತಡ ಬಹುಮಟ್ಟಿಗೆ ಹಾಗೇ ಉಳಿಯುತ್ತವೆ. ಪೂರ್ಣ ಪ್ರಮಾಣದಲ್ಲಿ ಕೊಟ್ಟಾಗ ಕಣ್ಣು ತೆರೆದೇ ಇರುತ್ತದೆ, ಕಣ್ಣಾಲಿ ಅತ್ತಿತ್ತ ತುಯ್ಯುತ್ತಿರುತ್ತದೆ, ಒಳಗಿನ ಮನುಷ್ಯ ಮಾತ್ರ ಅಲ್ಲಿಲ್ಲ. ಎಚ್ಚರಗೊಳ್ಳುವಾಗ ಕೆಲವರಿಗೆ ಭಯಾನಕ ಭ್ರಮೆಗಳು ಬರುವುದುಂಟು. ವಾರ್ಡಿನ ಬಾಗಿಲಲ್ಲಿ ನಿಂತು ಅಪ್ಪನ ತೆರೆದ ಕಣ್ಣನ್ನು ನೋಡುವ ಮಗಳ ದೃಶ್ಯವನ್ನು ಯಾರೂ ಏಕೆ ಬರೆದಿಲ್ಲವೋ ಕಾಣೆ.

ಮಾರ್ಫಿನ್, ಫೆಂಟನಿಲ್‌ಗಳು ಮಿತಿಮೀರಿದರೆ ನಲಾಕ್ಸೋನ್ ಇದೆ. ಅದೇ ಗ್ರಾಹಕಗಳಿಂದ ಅವನ್ನು ಎಬ್ಬಿಸಿ ತಾನು ಕೂರುತ್ತದೆ. ನಿಂತ ಉಸಿರು ಒಂದೆರಡು ನಿಮಿಷದಲ್ಲಿ ಮರಳುತ್ತದೆ. ಕೆಟಮಿನ್ ಮೇಲೆ ಅದರ ಆಟ ನಡೆಯದು. ನಲಾಕ್ಸೋನಿನಿಂದ ಎದ್ದವನಿಗೆ ಅಡಗಿದ್ದ ನೋವೂ ಮರಳಬಹುದು, ಅವನು ಉಳಿಸಿದವರನ್ನೇ ಬೈಯಬಹುದು. ನಲಾಕ್ಸೋನಿನ ಪ್ರಭಾವ ಹೆಚ್ಚೆಂದರೆ ಒಂದೂವರೆ ಗಂಟೆ, ಮಾರ್ಫಿನ್ನದು ಅದಕ್ಕಿಂತ ದೀರ್ಘ. ಎಲ್ಲರೂ ನಿಟ್ಟುಸಿರು ಬಿಟ್ಟು ಕಾಫಿಗೆ ಹೋದಾಗ ರೋಗಿ ಮತ್ತೆ ಮುಳುಗಬಹುದು.

ಕತೆ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ನಡೆಯುವುದಾದರೆ ಡಾಕ್ಟರ ಕೈ ಟ್ರಮಡಾಲ್, ಪೆಂಟಾಜೋಸಿನ್, ಡೈಕ್ಲೋಫೆನಾಕ್‌ನಂಥ ಬೇರೆ ನೋವಿನ ಮದ್ದುಗಳ ಕಡೆಗೆ ಹೋದರೆ ಹೆಚ್ಚು ಸಹಜ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಲ್ಲೇ ಅಫೀಮು ಬೆಳೆಯುವ ದೇಶ ನಮ್ಮದು. ಆದರೂ 1985ರ ಮಾದಕವಸ್ತು ಕಾಯ್ದೆಯ ಬಿಗಿ ನಿಯಮಗಳಿಗೆ ಹೆದರಿ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು, ಕ್ಯಾನ್ಸರ್ ರೋಗಿಗಳು ನರಳಿದರು. 2014ರ ತಿದ್ದುಪಡಿ ದಾರಿ ಸ್ವಲ್ಪ ಸಲೀಸು ಮಾಡಿದೆ. ಮಾರ್ಫಿನ್ ಇರುವ ಕಡೆ ಅದು ಬೀಗ ಹಾಕಿದ ಬೀರುವಿನಲ್ಲಿರುತ್ತದೆ, ಬಳಸಿದ್ದಕ್ಕೆಲ್ಲ ರಿಜಿಸ್ಟರಿನಲ್ಲಿ ಲೆಕ್ಕ ಬರೆಯಬೇಕು. ಖಳನಾಯಕ ಟ್ರೇಯಿಂದ ಆಂಪೂಲ್ ಎತ್ತಿ ಜೇಬಿಗಿಳಿಸುವ ದೃಶ್ಯ ನಂಬಿಸಬೇಕೆಂದರೆ ಆ ಲೆಕ್ಕದ ಪುಸ್ತಕಕ್ಕೂ ಒಂದು ಉಪಾಯ ಹುಡುಕಬೇಕು.

ವಾಕರಿಕೆ, ಮೈ ತುರಿಕೆ, ಸೂಜಿಮೊನೆಯಷ್ಟಾಗುವ ಕಣ್ಣಪಾಪೆ ಇವೆಲ್ಲ ಅಪರೂಪಕ್ಕಾದರೂ ಕತೆಗಳಲ್ಲಿ ಸುಳಿಯುತ್ತವೆ. ಮಲಬದ್ಧತೆಯನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಕರುಳಿನಲ್ಲೂ ಅವೇ ಗ್ರಾಹಕಗಳಿರುವುದರಿಂದ ಅದರ ಚಲನೆ ಮಂದವಾಗುತ್ತದೆ. ವಾಕರಿಕೆ ಕೆಲವು ದಿನಗಳಲ್ಲಿ ಒಗ್ಗಿಹೋಗಬಹುದು, ಇದು ಒಗ್ಗುವುದು ಅಪರೂಪ. ಆದ್ದರಿಂದ ದಿನವೂ ಮಾರ್ಫಿನ್ ಬರೆದುಕೊಡುವ ಡಾಕ್ಟರು ಅದೇ ಚೀಟಿಯಲ್ಲಿ ಭೇದಿಮಾತ್ರೆಯನ್ನೂ ಬರೆಯುತ್ತಾರೆ. ವಾರಗಟ್ಟಲೆ ಹಾಸಿಗೆ ಹಿಡಿದ ನಾಯಕರ ಎಷ್ಟೋ ಕತೆಗಳನ್ನು ಓದಿದ್ದೇನೆ, ಒಬ್ಬನಿಗೂ ಯಾರೂ ಆ ಮಾತ್ರೆ ಕೊಟ್ಟಿದ್ದನ್ನು ಕಂಡಿಲ್ಲ.