ಹತ್ತು ವರ್ಷದ ಮಗೂನ ಟರ್ಕಿ ಹಂಟಿಂಗ್‌ಗೆ ಕಳಿಸ್ಬೋದಾ?

ಪ್ರಶ್ನೆ: ನಾವಿರೋದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಪಕ್ಕದ್ಮನೆಯವ್ರು ಏಪ್ರಿಲ್‌ನಲ್ಲಿ ನಮ್ಮ ಹತ್ತು ವರ್ಷದ ಮಗಳನ್ನ ಟರ್ಕಿ (ಕೋಳಿ ಥರದ ದೊಡ್ಡ ಕಾಡು ಹಕ್ಕಿ) ಹಂಟಿಂಗ್‌ಗೆ ಕರೀತಿದಾರೆ. ಅವ್ಳಿಗೆ ಭಾರಿ ಆಸೆ, ನಮ್ಗೆ ಪುಕಪುಕ. ಈ ವಯಸ್ಸಿಗೆ ಸರೀನಾ?

ಉತ್ತರ: ಕಾನೂನು ಕೇಳಿದ್ರೆ ಏನೂ ತೊಂದ್ರೆ ಇಲ್ಲ. ಮೆಂಟರ್ (ಜೊತೆಗಿದ್ದು ಹೇಳ್ಕೊಡೋ ದೊಡ್ಡೋರು) ಜೊತೆ ಹೋಗೋ ಮಕ್ಕಳಿಗೆ ಇಲ್ಲಿ 2017ರಿಂದ ಕನಿಷ್ಠ ವಯಸ್ಸು ಅಂತಾನೇ ಇಲ್ಲ, ಆದ್ರೆ ಆ ಮೆಂಟರ್ ಮಗೂಗೆ ಕೈಗೆಟುಕೋ ದೂರದಲ್ಲೇ ಕೂತಿರ್ಬೇಕು, ಅಪ್ಪ-ಅಮ್ಮ ಅಲ್ದೆ ಬೇರೆಯವ್ರು ಕರ್ಕೊಂಡು ಹೋಗೋದಾದ್ರೆ ನಿಮ್ಮ ಒಪ್ಪಿಗೆ ಬೇಕು. 16ರ ಒಳಗಿನವ್ರಿಗೆ ಅಂತಾನೇ ಸೀಸನ್ ಶುರುವಾಗೋಕೆ ಮುಂಚಿನ ವಾರಾಂತ್ಯ ಬಿಟ್ಟುಕೊಡ್ತಾರೆ, ದೊಡ್ಡೋರ ಗಲಾಟೆ ಇರಲ್ಲ, ಹೋಗೋದಾದ್ರೆ ಆಗ್ಲೇ ಹೋಗಿ.

ನನ್ನ ಪ್ರಕಾರ ವಯಸ್ಸು ನೋಡ್ಲೇಬೇಡಿ, ಮಗು ಮುಕ್ಕಾಲು ಗಂಟೆ ಮೊಬೈಲ್ ಇಲ್ದೆ ಅಲ್ಲಾಡ್ದೆ ಕೂರುತ್ತಾ ಅಂತ ನೋಡಿ. ಯಾಕಂದ್ರೆ ಇದು ಅಟ್ಟಿಸ್ಕೊಂಡು ಹೋಗೋ ಬೇಟೆ ಅಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಕತ್ತಲಲ್ಲಿ ಹೋಗಿ ಕೂತು, ಮರದ ಮೇಲೆ ಮಲಗಿರೋ ಗಂಡು ಹಕ್ಕಿ 'ಗೊಬ್ಲ್ ಗೊಬ್ಲ್' ಅಂತ ಕೂಗಿದ್ಮೇಲೆ ನಾವು ಹೆಣ್ಣು ಹಕ್ಕಿ ಥರ ಸದ್ದು ಮಾಡಿ ಅದೇ ನಮ್ಮ ಹತ್ರ ಬರೋ ಹಾಗೆ ಮಾಡೋದು. ಮರದ ಡಬ್ಬಿ ಉಜ್ಜಿ ಸದ್ದು ಬರ್ಸೋ ಬಾಕ್ಸ್ ಕಾಲ್ ಅಂತ ಇರುತ್ತೆ, ಅದನ್ನ ಮಗೂ ಕೈಗೆ ಕೊಟ್ಬಿಡಿ, ಅಪಸ್ವರ ಬಂದ್ರೂ ಪರ್ವಾಗಿಲ್ಲ. ಟರ್ಕಿಗೆ ವಾಸನೆ ಅಷ್ಟಾಗಿ ಗೊತ್ತಾಗಲ್ಲ ಆದ್ರೆ ಕಣ್ಣು ಮಾತ್ರ ಬೆಂಕಿ, ಬಣ್ಣಾನೂ ಕಾಣುತ್ತೆ, ಮೂಗು ಕೆರೆದ್ರೂ ಓಡೋಗುತ್ತೆ. ಅದಕ್ಕೇ ಮಕ್ಕಳಿಗೆ ಬ್ಲೈಂಡ್ ಅಂತಾರಲ್ಲ ಆ ಸಣ್ಣ ಟೆಂಟು ಹಾಕೋದು, ಒಳಗೆ ಕೂತು ಚಕ್ಕುಲಿ ತಿನ್ಬೋದು (ಕುರುಂ ಅನ್ನದ ಹಾಗೆ).

ಹಾಗೆ ಕೂತಾಗ ಹೇಳೋಕೆ ಒಳ್ಳೆ ಕಥೆ ಇದೆ. ವಿಸ್ಕಾನ್ಸಿನ್‌ನಲ್ಲಿ 1881ರ ಹೊತ್ತಿಗೆ ಈ ಹಕ್ಕಿ ಪೂರ್ತಿ ಮಾಯ ಆಗಿತ್ತು, ಕಾಡು ಕಡಿದ್ರು, ಲಂಗುಲಗಾಮಿಲ್ದೆ ಹೊಡೆದ್ರು. 1976ರಲ್ಲಿ ಮಿಸ್ಸೌರಿ ರಾಜ್ಯದಿಂದ ಟರ್ಕಿ ತರ್ಸಿ ಇಲ್ಲಿನ ವರ್ನನ್ ಕೌಂಟಿಲಿ ಬಿಟ್ರು, ಬದ್ಲಿಗೆ ನಾವು ಅವ್ರಿಗೆ ರಫ್ಡ್ ಗ್ರೌಸ್ ಅನ್ನೋ ಹಕ್ಕಿ ಕೊಟ್ವಿ, ಒಳ್ಳೆ ಸಂತೆ ವ್ಯಾಪಾರ! 1983ರಲ್ಲಿ ಮತ್ತೆ ಬೇಟೆ ಶುರು. ನನ್ನ ಮಗಳಿಗೆ ಇವತ್ತಿಗೂ ಜ್ಞಾಪಕ ಇರೋದು ಇದೊಂದೇ.

ಇನ್ನು ಕೋವಿ ವಿಷ್ಯ. ನಾನು ಮಾಡಿದ ದಡ್ಡತನ ಅಂದ್ರೆ ನನ್ನದೇ 12 ಗೇಜ್ ಕೋವಿ ಕೊಟ್ಟಿದ್ದು (ಗೇಜ್ ನಂಬರ್ ಸಣ್ಣದಾದಷ್ಟೂ ನಳಿಗೆ ದಪ್ಪ, ಒದೆತ ಜೋರು), ಹಿಡಿ ಉದ್ದ ಆಗಿ ಅವ್ಳ ಭುಜಕ್ಕೆ ಕೂರ್ತಾನೇ ಇರ್ಲಿಲ್ಲ, ಮನೆ ಹತ್ರ ಒಂದೇ ಈಡು ಹೊಡೆದು ಅತ್ತುಬಿಟ್ಲು, ಆ ವರ್ಷ ಮತ್ತೆ ಮುಟ್ಲಿಲ್ಲ. ಮಕ್ಕಳಿಗೆ 20 ಗೇಜ್ ಇಲ್ಲಾ ಅದಕ್ಕಿಂತ ಸಣ್ಣ ನಳಿಗೆಯ .410, ಅದೂ ಹಿಡಿ ಗಿಡ್ಡ ಇರೋದು, ಟ್ರೈಪಾಡ್ ಮೇಲಿಟ್ಟು. ಪ್ರಾಕ್ಟೀಸ್‌ಗೆ ಕಮ್ಮಿ ಪವರ್ ತೋಟಾ, ಕಿವಿಗೆ ಮಫ್, ಕಣ್ಣಿಗೆ ಕನ್ನಡಕ. ಗುರಿ ಇಡೋದು ಮೈಗಲ್ಲ, ತಲೆ-ಕುತ್ತಿಗೆಗೆ. ಡಿಕಾಯ್ ಅನ್ನೋ ಟರ್ಕಿ ಗೊಂಬೇನ 20 ಗಜದಲ್ಲಿ ನಿಲ್ಸಿ, 'ಹಕ್ಕಿ ಗೊಂಬೆ ಹತ್ರ ಬಂದ್ರೆ ಮಾತ್ರ' ಅಂತ ರೂಲ್ ಮಾಡಿ, ಅಲ್ಲಿಗೆ ದೂರದ ಲೆಕ್ಕ ಮುಗೀತು. ಮೊದಲ್ನೇ ವರ್ಷ ಕೋವಿನೇ ಬೇಡ, ಸುಮ್ನೆ ಜೊತೆಗೆ ಕೂತು ಬರ್ಲಿ ಅಂದ್ರೂ ನಾನಂತೂ ಭೇಷ್ ಅಂತೀನಿ.

ಬಟ್ಟೇಲಿ ಕೆಂಪು, ಬಿಳಿ, ನೀಲಿ ಬೇಡ್ವೇ ಬೇಡ, ಸಾಕ್ಸ್ ಕೂಡ. ಗಂಡು ಟರ್ಕಿ ತಲೆ ಬಣ್ಣ ಅದೇ, ಪೊದೆ ಆಚೆ ಇನ್ಯಾರೋ ಬೇಟೆಯವ್ರು ತಪ್ಪು ತಿಳ್ಕೊಂಡ್ರೆ ಕಥೆ ಮುಗೀತು. ಯಾರಾದ್ರೂ ಬರೋದು ಕಂಡ್ರೆ ಕೈ ಬೀಸ್ಬಾರ್ದು, ಜೋರಾಗಿ ಮಾತಾಡ್ಬೇಕು. ಮನೆಗೆ ಬಂದ್ಮೇಲೆ ಮೈಮೇಲೆ ಉಣ್ಣಿ (ರಕ್ತ ಹೀರೋ ಹುಳ) ಇದೆಯಾ ಹುಡುಕಿ, ತಲೆಕೂದ್ಲಲ್ಲೂ ನೋಡಿ, ಅದು ಕಚ್ಚಿ ಬರೋ ಲೈಮ್ ಕಾಯಿಲೆ ಇಲ್ಲಿ ಇದೆ.

ನೀವೂ ಕೋವಿ ಹಿಡಿಯೋದಾದ್ರೆ ಒಂದು ಮಾತು. ಎಚ್‌1ಬಿ ಥರದ ವೀಸಾದಲ್ಲಿ ಇರೋರು ಕೋವಿ, ತೋಟಾ ಇಟ್ಕೊಳ್ಳೋದು ಫೆಡರಲ್ ಕಾನೂನಲ್ಲಿ ನಿಷಿದ್ಧ, ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ಇದ್ರೆ ಮಾತ್ರ ವಿನಾಯಿತಿ. ಲಾಯರ್‌ನ ಕೇಳಿ ಮುಂದುವರೀರಿ.

ಯಾರೂ ಹೇಳದೇ ಇರೋದು ಏನಂದ್ರೆ, ಏಟು ಬಿದ್ದು ಸತ್ತ ಹಕ್ಕಿನೂ ಸ್ವಲ್ಪ ಹೊತ್ತು ರೆಕ್ಕೆ ಬಡೀತಾ ಹೊರಳಾಡುತ್ತೆ. ಇದನ್ನ ಹಿಂದಿನ ದಿನಾನೇ ಮಗಳಿಗೆ ಹೇಳಿ, ಹೂವಿನ ಮೇಲೆ ನೀರು ಚಿಮುಕಿಸಿದ ಹಾಗೆ ಅಲ್ಲ, ಇದ್ದದ್ದು ಇದ್ದ ಹಾಗೆ. ಅತ್ರೆ ಅಳ್ಲಿ. ಕೊನೇ ಘಳಿಗೇಲಿ 'ಬೇಡ ಅಪ್ಪ' ಅಂದ್ರೂ ಮುಖ ಸಣ್ಣ ಮಾಡ್ಕೋಬೇಡಿ, ಇದನ್ನ ಪಕ್ಕದ್ಮನೆಯವ್ರಿಗೂ ಮೊದ್ಲೇ ಹೇಳಿಡಿ.

ಹಕ್ಕಿ ಸಿಕ್ಕಿದ್ರೆ ಮಾರನೇ ದಿನ ಸಂಜೆ ಐದರೊಳಗೆ ಅದನ್ನ ಸರ್ಕಾರದಲ್ಲಿ ರಿಜಿಸ್ಟರ್ ಮಾಡ್ಬೇಕು. ಎದೆ ಮಾಂಸ ಬೇಗ ಬೇಯುತ್ತೆ, ಕಾಲು ಮಾತ್ರ ಚರ್ಮದ ಚಪ್ಪಲಿ, ಕುಕ್ಕರ್‌ನಲ್ಲಿ ಜಾಸ್ತಿ ಹೊತ್ತು ಕೂಗ್ಸಿ ಕೊಬ್ರಿ-ಮೆಣಸು ಹಾಕಿ ಸಾರು ಮಾಡಿ, ಮುದ್ದೆಗೆ ಚೆನ್ನಾಗಿರುತ್ತೆ. ತಿನ್ನೋವಾಗ ಮೆಲ್ಲಗೆ ಕಚ್ಚೋಕೆ ಹೇಳಿ, ಚರೆ (ತೋಟಾದೊಳಗಿನ ಸಣ್ಣ ಗುಂಡು) ಎಷ್ಟು ಹುಡುಕಿ ತೆಗೆದ್ರೂ ಒಂದಾದ್ರೂ ಹಲ್ಲಿಗೆ ಸಿಗುತ್ತೆ.