ಹಣ ಕಟ್ಟಿದರೂ ಸಾಲು ತಪ್ಪಲಿಲ್ಲ: ಅಮೆರಿಕದ ಇಬಿ-5 ವೀಸಾ ನಡೆದುಬಂದ ದಾರಿ

2021ರ ಜೂನ್ 22ರಂದು ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟೊಂದು ಕೊಟ್ಟ ಆದೇಶದಿಂದ ಅಮೆರಿಕದ ಗ್ರೀನ್ ಕಾರ್ಡ್ ದಿಢೀರನೆ ಅಗ್ಗವಾಯಿತು. ಬಂಡವಾಳ ಹೂಡಿ ಗ್ರೀನ್ ಕಾರ್ಡ್ ಪಡೆಯುವ ಇಬಿ-5 ವೀಸಾಕ್ಕೆ ಹಿಂದಿನ ದಿನದವರೆಗೆ ಕಡಿಮೆಯೆಂದರೂ 9 ಲಕ್ಷ ಡಾಲರ್ ಬೇಕಿತ್ತು. ಆದೇಶ ಬಂದ ಮೇಲೆ 5 ಲಕ್ಷ ಸಾಕು. ಕಾರಣ ಕೇಳಿದರೆ ನಗು ಬರುತ್ತೆ. 2019ರಲ್ಲಿ ಮೊತ್ತ ಏರಿಸುವ ನಿಯಮ ತಂದ, ವಲಸೆ ನೋಡಿಕೊಳ್ಳುವ ಆಂತರಿಕ ಭದ್ರತಾ ಇಲಾಖೆಯ ಹಂಗಾಮಿ ಕಾರ್ಯದರ್ಶಿಯ ನೇಮಕವೇ ಕಾನೂನಿನ ಪ್ರಕಾರ ಆಗಿರಲಿಲ್ಲವಂತೆ.

ಈ ಅಗ್ಗದ ದರ ಹೆಚ್ಚಿನವರಿಗೆ ಸಿಕ್ಕಿದ್ದು ಜೂನ್ 30ರವರೆಗೆ ಮಾತ್ರ. ಅಂದು, ಹಲವರ ಹಣ ಕೂಡಿಸಿ ಒಂದೇ ಕಡೆ ಹೂಡುವ ರೀಜನಲ್ ಸೆಂಟರ್ ಯೋಜನೆಯ ಅವಧಿಯೇ ಮುಗಿದುಹೋಯಿತು. ಇಬಿ-5 ಹೂಡಿಕೆಯ ಬಹುಪಾಲು ನಡೆಯುವುದೇ ಆ ಯೋಜನೆಯಡಿ. ಕಾಗದಪತ್ರ ಸಿದ್ಧ ಇಟ್ಟುಕೊಂಡಿದ್ದ ಕೆಲವರು ಅಷ್ಟರೊಳಗೆ ಅರ್ಜಿ ಹಾಕಿ 4 ಲಕ್ಷ ಡಾಲರ್ ಉಳಿಸಿದರು. ಆಮೇಲೆ ಆ ಅರ್ಜಿಗಳೂ ಮುಂದಿನ ಮಾರ್ಚ್‌ವರೆಗೆ ಅಲುಗಾಡದೆ ಕೂತವು.

"ದುಡ್ಡಿದ್ದವರಿಗೆ ಅಮೆರಿಕ ತಾನಾಗೇ ಬಾಗಿಲು ತೆಗೆಯುತ್ತೆ" ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಅರ್ಜಿ ಹಾಕಿದವರನ್ನು ಮಾತಾಡಿಸಿ ನೋಡಿ, ಅವರ ಬಾಯಲ್ಲಿ ಬರುವುದೆಲ್ಲ ತಾರೀಖು. ಅರ್ಜಿ ಯಾವತ್ತು ತಲುಪಿತು, ಅವತ್ತು ಯಾವ ಕಾನೂನಿತ್ತು, ತಮ್ಮ ದೇಶದವರೇ ಎಷ್ಟು ಜನ ಮುಂದಿದ್ದರು. ಅಷ್ಟೊಂದು ಹಣ ಸುರಿದವರು ಕೊಳ್ಳುವುದು ಸಾಲಿನಲ್ಲಿ ಒಂದು ಜಾಗವನ್ನಷ್ಟೇ, ನನಗೆ ಕಾಣುವ ಮಟ್ಟಿಗೆ.

ಈ ವೀಸಾ ಹುಟ್ಟಿದ್ದು 1990ರ ವಲಸೆ ಕಾಯ್ದೆಯಲ್ಲಿ. ಹಿರಿಯ ಬುಷ್ ಅಧ್ಯಕ್ಷರಾಗಿದ್ದ ಕಾಲ. ಕೆನಡಾ ಆಗಲೇ, 1986ರಿಂದ, ಇಂಥದ್ದೊಂದು ಯೋಜನೆ ನಡೆಸುತ್ತಿತ್ತು. 1997ರಲ್ಲಿ ಚೀನಾ ಕೈಗೆ ಹೋಗಲಿದ್ದ ಹಾಂಗ್‌ಕಾಂಗ್‌ನ ಸಿರಿವಂತರು ವ್ಯಾಂಕೂವರ್ ಕಡೆ ಮುಖ ಮಾಡಿದ್ದರು. ನಮಗೂ ಒಂದು ಪಾಲಿರಲಿ ಅಂತ ಅಮೆರಿಕವೂ ಹೊರಟಿತು. 10 ಲಕ್ಷ ಡಾಲರ್ ಹೂಡಬೇಕು, ಹಳ್ಳಿಗಾಡು ಅಥವಾ ನಿರುದ್ಯೋಗ ಜಾಸ್ತಿ ಇರುವ ಕಡೆ ಆದರೆ 5 ಲಕ್ಷ. ಹತ್ತು ಜನರಿಗೆ ಕೆಲಸ ಹುಟ್ಟಬೇಕು. ವರ್ಷಕ್ಕೆ ಸುಮಾರು 10 ಸಾವಿರ ವೀಸಾ. ಜನ ಅಷ್ಟಾಗಿ ಬರಲಿಲ್ಲ. 1992ರಲ್ಲಿ ರೀಜನಲ್ ಸೆಂಟರ್ ಬಂತು. ಹಲವರ ಹಣ ಒಂದೇ ಯೋಜನೆಗೆ ಹಾಕಬಹುದು, ಪರೋಕ್ಷವಾಗಿ ಹುಟ್ಟಿದ ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಬಹುದು. 1998ರಲ್ಲಿ ನಿಯಮ ಬಿಗಿಯಾದ ಮೇಲೆ ಮತ್ತೆ ತಣ್ಣಗಾಯಿತು.

ಎಬ್ಬಿಸಿದ್ದು 2008ರ ಆರ್ಥಿಕ ಕುಸಿತ. ಬ್ಯಾಂಕುಗಳು ಸಾಲ ಕೊಡುವುದನ್ನು ನಿಲ್ಲಿಸಿದಾಗ ಅಮೆರಿಕದ ಬಿಲ್ಡರ್‌ಗಳಿಗೆ ಈ ಮೂಲೆಗೆ ಬಿದ್ದ ಯೋಜನೆ ನೆನಪಾಯಿತು. ಹೂಡಿಕೆದಾರರಿಗೆ ಬೇಕಾದದ್ದು ಗ್ರೀನ್ ಕಾರ್ಡ್, ಬಡ್ಡಿ ಕಡಿಮೆ ಕೊಟ್ಟರೂ ಕೇಳಲ್ಲ. ನ್ಯೂಯಾರ್ಕಿನ ಹಡ್ಸನ್ ಯಾರ್ಡ್ಸ್‌ನಂಥ ಗಗನಚುಂಬಿಗಳಿಗೂ ಹೀಗೆ ಹಣ ಹರಿದುಬಂತು. ಆ ಕಟ್ಟಡಗಳಿರುವ ಶ್ರೀಮಂತ ಮ್ಯಾನ್‌ಹಟನ್ ಅದು ಹೇಗೆ ನಿರುದ್ಯೋಗದ ಪ್ರದೇಶವಾಯಿತು ಅಂತ ಕೇಳಬೇಡಿ. ನಕ್ಷೆಯಲ್ಲಿ ಗೆರೆ ಎಳೆಯುವ ಜಾಣ್ಮೆ ಅದು.

ಹಣ ಬಂದದ್ದು ಹೆಚ್ಚಾಗಿ ಚೀನಾದಿಂದ. 2014ರಲ್ಲಿ ಇಬಿ-5 ವೀಸಾಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಚೀನೀಯರಿಗೇ ಹೋದವು. ಆ ಆಗಸ್ಟ್‌ನಲ್ಲಿ ಅವರ ಪಾಲಿನ ವೀಸಾ ಖಾಲಿಯಾಯಿತು. 2015ರ ಮೇನಲ್ಲಿ ಅವರಿಗೆ ಕಟ್‌ಆಫ್ ದಿನಾಂಕ ಬಂತು, ಅಂದರೆ ಅದಕ್ಕೂ ಮುಂಚೆ ಅರ್ಜಿ ಹಾಕಿದವರಿಗಷ್ಟೇ ವೀಸಾ. ಅದೇ ಸೆಪ್ಟೆಂಬರ್ 30ಕ್ಕೆ ಯೋಜನೆಯ ಅವಧಿ ಮುಗಿಯುತ್ತೆ, ಮೊತ್ತ ಏರುತ್ತೆ ಅಂತ ಸುದ್ದಿಯೂ ಹಬ್ಬಿತು. ಆ ಒಂದು ಹಣಕಾಸು ವರ್ಷದಲ್ಲಿ 14 ಸಾವಿರಕ್ಕೂ ಹೆಚ್ಚು ಅರ್ಜಿ ಬಿದ್ದವು. ಅರ್ಜಿ ಎಂದರೆ ಒಂದು ಕುಟುಂಬ. ವೀಸಾ ಎಣಿಸುವುದು ಮಾತ್ರ ತಲೆ ಲೆಕ್ಕದಲ್ಲಿ, ಗಂಡ, ಹೆಂಡತಿ, ಮಗು ಒಬ್ಬೊಬ್ಬರಿಗೂ ಒಂದೊಂದು.

ಕುತ್ತು ಇರುವುದೇ ಈ ಲೆಕ್ಕದಲ್ಲಿ. ಬೇಡಿಕೆ ಜಾಸ್ತಿಯಾದಾಗ ಒಂದು ದೇಶಕ್ಕೆ ಮೀಸಲು ನೂರಕ್ಕೆ ಏಳು, ಅಂದರೆ ವರ್ಷಕ್ಕೆ ಸುಮಾರು 700 ವೀಸಾ. ಮೂವರ ಕುಟುಂಬ ಅಂದುಕೊಂಡರೆ ಇನ್ನೂರ ಮೂವತ್ತು ಮನೆಗಳಿಗೆ ಅಷ್ಟೇ. ಬೇರೆ ದೇಶದವರು ಬಿಟ್ಟದ್ದು ಸಿಕ್ಕರೆ ಸಿಕ್ಕಿತು.

ಆ ಸೆಪ್ಟೆಂಬರ್ 30ಕ್ಕೆ ಯೋಜನೆ ಮುಗಿಯಲಿಲ್ಲ ಅನ್ನುವುದು ಬೇರೆ ಮಾತು. ಸರ್ಕಾರದ ಖರ್ಚಿನ ಮಸೂದೆಗೆ ಅಂಟಿಸಿ, ಒಮ್ಮೊಮ್ಮೆ ಕೆಲವೇ ವಾರಗಳಿಗೆ, 2021ರವರೆಗೂ ಅದನ್ನು ಎಳೆದರು. ಪ್ರತಿ ಸಲವೂ ಏಜೆಂಟರು "ಇದೇ ಕೊನೆ ಅವಕಾಶ" ಅಂದರು. ಅವಸರದಲ್ಲಿ ಯೋಜನೆ ಹೇಗಿದೆ ಅಂತ ನೋಡದೆ ಹಣ ಹಾಕಿದವರು ಎಷ್ಟೋ. 2016ರಲ್ಲಿ ವರ್ಮಾಂಟ್‌ನ ಜೇ ಪೀಕ್ ಸ್ಕೀ ರೆಸಾರ್ಟ್ ಹಗರಣ ಹೊರಬಿತ್ತು. ನೂರಾರು ವಿದೇಶಿ ಹೂಡಿಕೆದಾರರ ಹಣ ಅಡ್ಡದಾರಿ ಹಿಡಿದಿತ್ತು. ಹೂಡಿಕೆ ಎಂದ ಮೇಲೆ ಹಣಕ್ಕೆ ಅಪಾಯ ಇರಲೇಬೇಕು ಅನ್ನುವುದು ಈ ವೀಸಾದ ಷರತ್ತೇ. ವಾಪಸ್ ಗ್ಯಾರಂಟಿ ಕೊಟ್ಟರೆ ಅರ್ಜಿಯೇ ಬಿದ್ದುಹೋಗುತ್ತೆ.

ಭಾರತೀಯರು ಬಂದದ್ದು ತಡವಾಗಿ. 2018ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯ ಅಂದಾಜಿನಂತೆ ಹೊಸದಾಗಿ ಸಾಲಿಗೆ ಸೇರುವ ಚೀನೀಯರು ಸುಮಾರು 14 ವರ್ಷ, ಭಾರತೀಯರು ಆರರ ಹತ್ತಿರ ಕಾಯಬೇಕಿತ್ತು. 2019ರ ಜುಲೈಯಲ್ಲಿ ನಮಗೂ ಕಟ್‌ಆಫ್ ಬಂತು. ಆ ನವೆಂಬರ್ 21ಕ್ಕೆ ಮೊತ್ತ 9 ಲಕ್ಷಕ್ಕೆ ಏರುವ ಮುನ್ನ ಇನ್ನೊಂದು ನೂಕುನುಗ್ಗಲು. ಆಮೇಲೆ ಬಂತು ಕೋವಿಡ್. ಕಾನ್ಸುಲೇಟುಗಳು ಮುಚ್ಚಿದವು, ಕುಟುಂಬ ವರ್ಗದಲ್ಲಿ ಉಳಿದ ವೀಸಾಗಳು ಮುಂದಿನ ವರ್ಷ ಇಬಿ-5 ಸೇರಿರುವ ಉದ್ಯೋಗ ವರ್ಗಕ್ಕೆ ಹರಿದವು. ಇಬಿ-5ರ ಪಾಲು ಹೆಚ್ಚುಕಡಿಮೆ ಎರಡು ಪಟ್ಟಾಯಿತು. 2020ರಲ್ಲೇ ಭಾರತದ ಸಾಲು ಕರಗಿತ್ತು. ಆರು ವರ್ಷ ಅಂದಿದ್ದ ಅಂದಾಜು ಎಲ್ಲಿ ಹೋಯಿತೋ!

ಇವತ್ತಿನ ಆಟ ನಡೆಯುತ್ತಿರುವುದು 2022ರ ಮಾರ್ಚ್ 15ರ ಕಾಯ್ದೆಯ ಮೇಲೆ. ಮೊತ್ತ 8 ಲಕ್ಷ ಡಾಲರ್, ಮಾಮೂಲಿ ಜಾಗಗಳಲ್ಲಿ 10.5 ಲಕ್ಷ. ನೂರಕ್ಕೆ 20 ವೀಸಾ ಹಳ್ಳಿಗಾಡಿನ ಯೋಜನೆಗಳಿಗೆ, 10 ನಿರುದ್ಯೋಗದ ಪ್ರದೇಶಕ್ಕೆ, 2 ಮೂಲಸೌಕರ್ಯಕ್ಕೆ ಮೀಸಲು. ಭಾರತೀಯರನ್ನು ಸೆಳೆದದ್ದು ಮಾತ್ರ ಇನ್ನೊಂದು ಅಂಶ. ಈಗಾಗಲೇ ಅಮೆರಿಕದಲ್ಲಿರುವವರು, ವೀಸಾ ಲಭ್ಯವಿದ್ದರೆ, ಹೂಡಿಕೆ ಅರ್ಜಿಯ ಜೊತೆಗೇ ಗ್ರೀನ್ ಕಾರ್ಡ್ ಅರ್ಜಿಯನ್ನೂ ಹಾಕಬಹುದು. ಅದು ಬಾಕಿ ಇರುವಾಗಲೇ ಕೆಲಸದ ಪರವಾನಗಿ ಸಿಗುತ್ತೆ. ಕೆಲಸ ಹೋದರೆ 60 ದಿನದಲ್ಲಿ ಹೊಸ ಕಂಪನಿ ಹುಡುಕಬೇಕಾದ ಎಚ್-1ಬಿ ಕೆಲಸದ ವೀಸಾದ ಬದುಕಿನಲ್ಲಿ ಇದು ದೊಡ್ಡ ಉಸಿರು. ಸಿಯಾಟಲ್‌ನಲ್ಲೋ ಸ್ಯಾನ್ ಹೋಸೆಯಲ್ಲೋ ಇರುವ ನಮ್ಮ ಕನ್ನಡದ ಹುಡುಗರು ಉನ್ನತ ಪದವಿಯವರ ಇಬಿ-2 ಗ್ರೀನ್ ಕಾರ್ಡ್ ಸಾಲಿನಲ್ಲಿ ದಶಕ ಕಾದು ಕೊನೆಗೆ ಬೆಂಗಳೂರಿನ ಸೈಟ್ ಮಾರಲು ಹೊರಡುವುದು ಇದಕ್ಕೇ.

ಮಾರುವಲ್ಲೇ ಮೊದಲ ತೊಡಕು. 8 ಲಕ್ಷ ಡಾಲರ್ ಎಂದರೆ ಸುಮಾರು 7 ಕೋಟಿ ರೂಪಾಯಿ. ಪ್ರತಿ ಪೈಸೆಯ ಮೂಲ ತೋರಿಸಬೇಕು. ಕ್ರಯಪತ್ರ, ಇಸಿ, ಖಾತೆ, ತಾತನ ಕಾಲದ ಕೈಬರಹದ ಪಹಣಿ, ಎಲ್ಲಕ್ಕೂ ಪ್ರಮಾಣೀಕೃತ ಇಂಗ್ಲಿಷ್ ಅನುವಾದ ಬೇಕು. ಸಬ್‌ರಿಜಿಸ್ಟ್ರಾರ್ ಮುಂದೆ ಗೈಡೆನ್ಸ್ ದರ ಬರೆಸಿ ಮಿಕ್ಕದ್ದನ್ನು ಚೀಲದಲ್ಲಿ ತಂದವರಿಗೆ ಆ ಚೀಲ ಇಲ್ಲಿ ಉಪಯೋಗಕ್ಕೆ ಬರಲ್ಲ. ಆಮೇಲೆ ರಿಸರ್ವ್ ಬ್ಯಾಂಕಿನ ಮಿತಿ. ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಹೊರಗೆ ಕಳಿಸಬಹುದಾದದ್ದು 2.5 ಲಕ್ಷ ಡಾಲರ್. ಹಾಗಾಗಿ ಗಂಡ ಹೆಂಡತಿ ಇಬ್ಬರೂ ಮಾರ್ಚ್ ಕೊನೆಯಲ್ಲಿ ಒಮ್ಮೆ, ಏಪ್ರಿಲ್ ಮೊದಲ ವಾರ ಮತ್ತೊಮ್ಮೆ ಕಳಿಸಿ, ಒಬ್ಬರದನ್ನು ಇನ್ನೊಬ್ಬರಿಗೆ ಗಿಫ್ಟ್ ಡೀಡ್ ಮಾಡಿ ಮುಗಿಸುತ್ತಾರೆ. ಜೊತೆಗೆ 10 ಲಕ್ಷ ರೂಪಾಯಿ ದಾಟಿದ್ದಕ್ಕೆ ಶೇ 20 ಟಿಸಿಎಸ್, ಹಣ ಕಳಿಸುವಾಗಲೇ ಬ್ಯಾಂಕು ಹಿಡಿಯುವ ತೆರಿಗೆ. ಮುಂದೆ ತೆರಿಗೆಯಲ್ಲಿ ಹೊಂದಿಕೆಯಾಗುತ್ತೆ ನಿಜ, ಆದರೆ ಕೋಟಿಗೂ ಹೆಚ್ಚು ಹಣ ಅಷ್ಟು ದಿನ ಕೈಬಿಟ್ಟಿರಬೇಕಲ್ವಾ?

ಸಾಲಿನ ಉದ್ದ ತಿಳಿಯಲು ಎಲ್ಲರೂ ನೋಡುವುದು ಅಮೆರಿಕದ ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ಹೊರಡಿಸುವ ವೀಸಾ ಬುಲೆಟಿನ್. ಅಲ್ಲಿ ಮೀಸಲು ವರ್ಗಗಳ ಎದುರು 'ಕರೆಂಟ್', ಅಂದರೆ ಕಟ್‌ಆಫ್ ಇಲ್ಲ ಅಂತ ಕಂಡರೆ ಸಾಲೇ ಇಲ್ಲ ಅಂದುಕೊಳ್ಳುವವರಿದ್ದಾರೆ. ತಿರುಪತಿಯ ಕ್ಯೂ ಕಾಂಪ್ಲೆಕ್ಸ್‌ನಲ್ಲಿ ಕೂತವರಿಗೆ ಮುಂದಿನ ಕೋಣೆಗಳಲ್ಲಿ ಎಷ್ಟು ಜನರಿದ್ದಾರೆ ಅಂತ ಕಾಣುತ್ತಾ? ಅರ್ಜಿ ಮಂಜೂರಾಗಿ ವೀಸಾ ಹಂತಕ್ಕೆ ಬಂದವರನ್ನು ಮಾತ್ರ ಬುಲೆಟಿನ್ ಲೆಕ್ಕ ಹಿಡಿಯುತ್ತೆ, ಹಿಂದೆ ಕೂಡಿಬೀಳುತ್ತಿರುವವರು ಅದರಲ್ಲಿ ಕಾಣಲ್ಲ. ಅದು ಹಿಂದಕ್ಕೂ ಓಡುತ್ತೆ. 2025ರ ಏಪ್ರಿಲ್‌ನಲ್ಲಿ ಮೀಸಲಿಲ್ಲದ ವರ್ಗದಲ್ಲಿರುವ ಭಾರತೀಯರ ಕಟ್‌ಆಫ್ 2022ರ ಜನವರಿ 1ರಿಂದ 2019ರ ನವೆಂಬರ್ 1ಕ್ಕೆ ಜಾರಿತು.

ಮಕ್ಕಳಿದ್ದವರಿಗೆ ಇದು ಇನ್ನೂ ಬಿಸಿ. 21 ತುಂಬಿದರೆ ಮಗು ಅರ್ಜಿಯಿಂದ ಹೊರಗೆ. ಹೂಡಿಕೆ ಅರ್ಜಿ ಪರಿಶೀಲನೆಯಲ್ಲಿ ಕಳೆದ ಕಾಲವನ್ನು ವಯಸ್ಸಿನಿಂದ ಕಳೆಯುತ್ತಾರೆ, ಮಂಜೂರಾದ ಮೇಲೆ ಸಾಲಿನಲ್ಲಿ ಕಾದದ್ದನ್ನು ಕಳೆಯಲ್ಲ. ಹಾಗಾಗಿ ಬೇಗ ಮಂಜೂರಾಗಿ ಆಮೇಲೆ ಸಾಲಿನಲ್ಲಿ ಸಿಕ್ಕಿಕೊಂಡರೆ ಹದಿನೆಂಟರ ಮಗಳಿಗೆ ನಷ್ಟವೇ. ಏಜೆಂಟರ ಸೆಮಿನಾರಿನಲ್ಲಿ ಈ ಲೆಕ್ಕ ಕೇಳಿ ನೋಡಿ, ಉತ್ತರ ಸ್ವಲ್ಪ ನಿಧಾನವಾಗಿ ಬರುತ್ತೆ.

ಬೇರೆ ದೇಶಗಳು ಬಾಗಿಲು ಮುಚ್ಚುತ್ತಾ ಬಂದಿವೆ. ಕೆನಡಾ 2014ರಲ್ಲಿ ಬಾಕಿ ಅರ್ಜಿಗಳನ್ನೂ ರದ್ದು ಮಾಡಿತು. ಬ್ರಿಟನ್ 2022ರಲ್ಲಿ, ಐರ್ಲೆಂಡ್ 2023ರಲ್ಲಿ, ಸ್ಪೇನ್ 2025ರಲ್ಲಿ ನಿಲ್ಲಿಸಿದವು. ಅಮೆರಿಕ ಮಾತ್ರ 2025ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಗೋಲ್ಡ್ ಕಾರ್ಡ್ ಅಂತ ಇನ್ನೊಂದು ಬಾಗಿಲು ತೆಗೆಯಿತು. ಸರ್ಕಾರಕ್ಕೆ 10 ಲಕ್ಷ ಡಾಲರ್ ಕಾಣಿಕೆ, ವಾಪಸ್ ಬರಲ್ಲ. ಅದಕ್ಕೆ ಬಳಸುವುದು ಉದ್ಯೋಗ ವರ್ಗದ ಇಬಿ-1, ಇಬಿ-2 ವೀಸಾಗಳನ್ನೇ. ಅಲ್ಲಿ ಭಾರತೀಯರ ಸಾಲು ಮೊದಲೇ ಇದೆ.

ಹೂಡಿಕೆಯ ದಾರಿಯಲ್ಲಿ ಎರಡು ತಾರೀಖು 2022ರ ಕಾಯ್ದೆಯಲ್ಲೇ ಬರೆದಿವೆ. 2026ರ ಸೆಪ್ಟೆಂಬರ್ 30ರೊಳಗೆ ಅರ್ಜಿ ಹಾಕಿದವರನ್ನು, ಮುಂದೆ ರೀಜನಲ್ ಸೆಂಟರ್ ಯೋಜನೆ ನಿಂತುಹೋದರೂ, ಕೈಬಿಡುವಂತಿಲ್ಲ. 2027ರ ಜನವರಿ 1ರಿಂದ ಹಣದುಬ್ಬರ ನೋಡಿ ಮೊತ್ತ ಬದಲಾಗಬೇಕು. ಈ ಎರಡರ ಮುಂಚಿನ ತಿಂಗಳುಗಳಲ್ಲಿ ಅರ್ಜಿಗಳ ರಾಶಿ ಬೀಳುತ್ತೆ ಅನ್ನುವುದಕ್ಕೆ 2015 ಮತ್ತು 2019 ಸಾಕ್ಷಿ. ಆ ರಾಶಿಯ ತೂಕ ಬುಲೆಟಿನ್‌ನಲ್ಲಿ ಕಾಣುವುದು ಅದರ ಎಷ್ಟೋ ಆಮೇಲೆ.