ಮನಸ್ಸು ಒಂದು ಕಡೆ, ಫೀಸು ಇನ್ನೊಂದು ಕಡೆ

ಎರಡು ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಒಂದರ ಫೀಸು ಮನೆಯವರ ಕೈಗೆ ಎಟುಕುತ್ತದೆ. ಇನ್ನೊಂದಕ್ಕೆ ಸಾಲ ಮಾಡಬೇಕು. ಆದರೆ ಮನಸ್ಸು ಎಳೆಯುತ್ತಿರುವುದು ಸಾಲದ ಕಾಲೇಜಿನ ಕಡೆಗೇ. "ಏನು ಮಾಡಲಿ ಮೇಡಂ?" ಅಂತ ಕೇಳಿಕೊಂಡು ಪ್ರತಿ ವರ್ಷ ಒಂದಿಬ್ಬರಾದರೂ ನನ್ನ ಹತ್ತಿರ ಬರುತ್ತಾರೆ. ನಾನು ವಾರ್ಡಿನಲ್ಲಿ ರೋಗಿಗಳನ್ನು ನೋಡುತ್ತಾ ವಿದ್ಯಾರ್ಥಿಗಳಿಗೆ ಪಾಠ ಮಾಡುವ ಡಾಕ್ಟರು. ಲೆಕ್ಕಪತ್ರ ನನ್ನ ಕಸುಬಲ್ಲ. ಆದರೂ ಈ ಪ್ರಶ್ನೆಗೆ ನಮ್ಮ ಕಸುಬಿನಲ್ಲೇ ಒಂದು ದಾರಿ ಇದೆ ಅಂತ ನನಗೆ ಅನ್ನಿಸುತ್ತದೆ.

ಹಾಗೆ ಬಂದವರಲ್ಲಿ ಒಬ್ಬ ಹುಡುಗಿ, ಜೊತೆಗೆ ಅವಳ ಅಪ್ಪ. ಅಪ್ಪನ ಕೈಯಲ್ಲಿ ಒಂದು ಹಾಳೆ. ಎರಡು ಕಾಲೇಜಿಗೆ ಎರಡು ಕಾಲಂ. ವರ್ಷವರ್ಷದ ಫೀಸು, ಹಾಸ್ಟೆಲ್ಲು, ಪುಸ್ತಕ, ಪರೀಕ್ಷೆ ಶುಲ್ಕ, ಊರಿಗೆ ಹೋಗಿಬರುವ ಖರ್ಚು. ಕೆಳಗೆ ಗೆರೆ ಎಳೆದು ಮೊತ್ತ. ಹುಡುಗಿಯ ಕೈಯಲ್ಲಿ ಏನೂ ಇರಲಿಲ್ಲ. "ಅಲ್ಲಿಗೆ ಹೋದಾಗ ಮನಸ್ಸಿಗೆ ಹಿಡಿಸ್ತು ಮೇಡಂ. ಯಾಕೆ ಅಂತ ಹೇಳೋಕೆ ಬರಲ್ಲ" ಅಂದಳು. ಅಪ್ಪ ಏನೂ ಮಾತಾಡದೆ ಹಾಳೆಯನ್ನು ನನ್ನ ಕಡೆ ತಿರುಗಿಸಿ ಇಟ್ಟರು. ಅವಳು ತಲೆ ತಗ್ಗಿಸಿದಳು. ಕಾಗದದ ಮೇಲೆ ಇರುವುದಕ್ಕೆ ತೂಕ ಇರುತ್ತದೆ, ಮನಸ್ಸಿನಲ್ಲಿ ಇರುವುದಕ್ಕೆ ಇರುವುದಿಲ್ಲ ಅಂತ ಇಬ್ಬರೂ ಆಗಲೇ ಒಪ್ಪಿಕೊಂಡ ಹಾಗಿತ್ತು.

ಆಸ್ಪತ್ರೆಯಲ್ಲಿ ನಾವು ಹಾಗೆ ಮಾಡುವುದಿಲ್ಲ. "ಎದೆಯಲ್ಲಿ ಏನೋ ಒಂಥರಾ ಆಗುತ್ತೆ" ಅಂತ ರೋಗಿ ಹೇಳಿದರೆ ಸುಮ್ನೆ ಮನೆಗೆ ಕಳಿಸುವುದಿಲ್ಲ. ಹಾಗಂತ ತಕ್ಷಣ ಹೃದಯಾಘಾತ ಅಂತ ಚೀಟಿಯಲ್ಲಿ ಬರೆಯುವುದೂ ಇಲ್ಲ. ಕೂತು ಹಿಸ್ಟರಿ ತೆಗೆದುಕೊಳ್ಳುತ್ತೇವೆ. ಯಾವಾಗ ಶುರುವಾಯಿತು? ಆಗ ಏನು ಮಾಡುತ್ತಿದ್ದಿರಿ? ನಡೆದರೆ ಜಾಸ್ತಿಯಾಗುತ್ತದಾ, ಕೂತರೆ ಕಡಿಮೆಯಾಗುತ್ತದಾ? ಹತ್ತು ನಿಮಿಷ ಕೇಳಿದರೆ ಆ "ಒಂಥರಾ" ಅನ್ನುವುದು ಎಷ್ಟೋ ಸಲ ಒಂದು ಹೆಸರಿಗೆ ಬಂದು ನಿಲ್ಲುತ್ತದೆ. ಮನಸ್ಸಿಗೆ ಹಿಡಿಸಿತು, ಹಿಡಿಸಲಿಲ್ಲ ಅನ್ನುವುದಕ್ಕೂ ಇದೇ ರೀತಿ ಹಿಸ್ಟರಿ ತೆಗೆಯಬೇಕು.

ನಾನು ಕೇಳುತ್ತಾ ಹೋದೆ. ಹೋದಾಗ ಎಷ್ಟು ಗಂಟೆ? ಯಾರು ಸಿಕ್ಕರು? ಎಲ್ಲಿ ಜಾಸ್ತಿ ಹೊತ್ತು ನಿಂತೆ? ಕಟ್ಟಡ, ಲೈಬ್ರರಿ, ಹಾಸ್ಟೆಲ್ ರೂಮು, ಇವು ಯಾವುದೂ ಅವಳಿಗೆ ಸರಿಯಾಗಿ ನೆನಪಿರಲಿಲ್ಲ. ಒಂದು ವಾರ್ಡು ಮಾತ್ರ ನೆನಪಿತ್ತು. ಅಲ್ಲಿ ಒಬ್ಬ ಪಿಜಿ, ಅಂದರೆ ಸ್ನಾತಕೋತ್ತರ, ವಿದ್ಯಾರ್ಥಿನಿ ಇಬ್ಬರು ಜೂನಿಯರ್‌ಗಳಿಗೆ ಗುಲ್ಮ, ಅಂದರೆ ಸ್ಪ್ಲೀನ್, ಮುಟ್ಟಿ ನೋಡುವುದನ್ನು ಕಲಿಸುತ್ತಿದ್ದಳಂತೆ. ಮೊದಲು ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡಳು. ಹಾಸಿಗೆಯಲ್ಲಿದ್ದ ಅಜ್ಜನಿಗೆ "ತಣ್ಣಗಿದ್ದರೆ ಹೇಳಿ ತಾತ" ಅಂದಳು. ಬಲಗಡೆ ಕೆಳಹೊಟ್ಟೆಯಿಂದ ಶುರುಮಾಡಿ, ಅಜ್ಜ ಉಸಿರು ಎಳೆದುಕೊಂಡಾಗಲೆಲ್ಲ ಬೆರಳನ್ನು ಅಲ್ಲೇ ಇಟ್ಟು ನೋಡಿ, ಉಸಿರು ಬಿಟ್ಟಾಗ ಸ್ವಲ್ಪಸ್ವಲ್ಪವೇ ಎಡ ಪಕ್ಕೆಲುಬಿನ ಕಡೆ ಸರಿಸುತ್ತಾ ಹೋದಳು. ಆಮೇಲೆ ಜೂನಿಯರ್ ಹುಡುಗನ ಕೈ ಹಿಡಿದು ಅದೇ ಜಾಗದಲ್ಲಿ ಇಟ್ಟಳು. "ಸಿಕ್ತು!" ಅಂತ ಅವನ ಮುಖ ಅರಳಿದ್ದನ್ನು ಹೇಳುವಾಗ ಈ ಹುಡುಗಿಯ ಮುಖವೂ ಅರಳಿತ್ತು.

ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ಅವಳಿಗೆ ಹಿಡಿಸಿದ್ದು ಆ ಕಾಲೇಜಿನ ಹೆಸರಲ್ಲ. ರೋಗಿಯ ಪಕ್ಕದಲ್ಲಿ ನಿಲ್ಲಿಸಿಕೊಂಡು, ಕೈ ಹಿಡಿದು, ಮರ್ಯಾದೆಯಿಂದ ಕಲಿಸುವ ರೀತಿ. ಇದು ಕೇಳಿ ತಿಳಿದುಕೊಳ್ಳಬಹುದಾದ ಸಂಗತಿ. ಫೀಸು ಕಡಿಮೆ ಇರುವ ಕಾಲೇಜಿನಲ್ಲೂ ಹೀಗೆ ಕಲಿಸುತ್ತಾರಾ? ಅದನ್ನು ಅವಳು ನೋಡಿಯೇ ಇರಲಿಲ್ಲ. ಅಲ್ಲಿ ಅವಳು ಕಂಡಿದ್ದು ಆಫೀಸಿನ ಮುಂದಿನ ಕ್ಯೂ ಮತ್ತು ಬೀಗ ಹಾಕಿದ ಲೆಕ್ಚರ್ ಹಾಲು ಮಾತ್ರ.

ಒಂದು ದಿನದ ಭೇಟಿ ಮನಸ್ಸಿನ ಮೇಲೆ ಎಷ್ಟು ಕೆಲಸ ಮಾಡುತ್ತದೆ ಅನ್ನುವುದನ್ನು ಸಂಶೋಧಕರು ಅಳೆದು ನೋಡಿದ್ದಾರೆ. ಯೂರಿ ಸೈಮನ್‌ಸನ್ ಅನ್ನುವವರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಓದಿಗೆ ಹೆಸರಾದ, ಮೋಜಿಗೆ ಅಷ್ಟೇನೂ ಹೆಸರಿಲ್ಲದ ಒಂದು ವಿಶ್ವವಿದ್ಯಾಲಯವನ್ನು ನೋಡಲು ಬಂದಿದ್ದ 1,284 ಜನರ ಮಾಹಿತಿ ಅದರಲ್ಲಿತ್ತು. ಮೋಡ ಜಾಸ್ತಿ ಇದ್ದ ದಿನ ಬಂದವರಲ್ಲಿ ಅಲ್ಲೇ ಸೇರಿದವರೂ ಜಾಸ್ತಿ. ಮೋಡ ಕವಿದಿದ್ದಾಗ ಒಳಗೆ ಕೂತು ಓದುವುದು ಹಿತ ಅನ್ನಿಸುತ್ತದೆ, ಆ ಹಿತವನ್ನೇ ಜನ ಮುಂದಿನ ವರ್ಷಗಳಿಗೂ ಅನ್ವಯಿಸಿಬಿಡುತ್ತಾರೆ ಅನ್ನುವುದು ಅವರ ವಿವರಣೆ. ಅಷ್ಟು ವರ್ಷದ ಓದಿನ ತೀರ್ಮಾನದಲ್ಲಿ ಆ ದಿನದ ಆಕಾಶಕ್ಕೂ ಪಾಲು ಇತ್ತು ಅಂದಾಯಿತು. ಅದಕ್ಕೇ ಹವಾಮಾನ ಹೇಗಿತ್ತು, ಹಿಂದಿನ ರಾತ್ರಿ ನಿದ್ದೆ ಬಂದಿತ್ತಾ, ಹೊಟ್ಟೆ ಹಸಿದಿತ್ತಾ ಅಂತೆಲ್ಲ ನಾನು ಕೇಳುತ್ತೇನೆ. ಮಕ್ಕಳಿಗೆ ಇದು ವಿಚಿತ್ರ ಅನ್ನಿಸುತ್ತದೆ. ಆದರೆ ಒಬ್ಬ ಹುಡುಗ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದು ನೋಡಿದ ಕಾಲೇಜು "ಯಾಕೋ ಸರಿ ಇಲ್ಲ" ಅಂದಿದ್ದ. ಇನ್ನೊಂದು ಸಲ ನಿದ್ದೆ ಮಾಡಿ ಹೋಗಿ ನೋಡಿದಾಗ ಆ "ಯಾಕೋ" ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಹಾಗಾದರೆ ಒಳಮನಸ್ಸನ್ನು ನಂಬಲೇಬಾರದಾ? ಇದರ ಬಗ್ಗೆ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಗ್ಯಾರಿ ಕ್ಲೈನ್ ಸೇರಿ 2009ರಲ್ಲಿ ಬರೆದ ಲೇಖನ ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. ಒಬ್ಬರು ಅಂತಃಪ್ರೇರಣೆಯ ತಪ್ಪುಗಳನ್ನು ಹುಡುಕಿದವರು, ಇನ್ನೊಬ್ಬರು ಅಗ್ನಿಶಾಮಕ ದಳದಂಥವರಲ್ಲಿ ಅದರ ಶಕ್ತಿಯನ್ನು ಕಂಡವರು. ಇಬ್ಬರೂ ಒಪ್ಪಿಕೊಂಡದ್ದು ಇಷ್ಟು: ಆ ಕ್ಷೇತ್ರದಲ್ಲಿ ಒಂದು ಕ್ರಮ ಇರಬೇಕು, ಮತ್ತು ಆ ವ್ಯಕ್ತಿ ಮತ್ತೆ ಮತ್ತೆ ಮಾಡಿ, ತನ್ನ ತಪ್ಪು ಸರಿ ಕಂಡುಕೊಂಡು ಕಲಿತಿರಬೇಕು. ಆಗ ಮಾತ್ರ ಒಳಮನಸ್ಸಿನ ಮಾತಿಗೆ ಬೆಲೆ. ರೋಗಿಯ ಮುಖ ನೋಡಿಯೇ "ಇವರಿಗೆ ಸೀರಿಯಸ್ ಆಗ್ತಿದೆ" ಅನ್ನುವ ಹಿರಿಯ ನರ್ಸಿನ ಮಾತನ್ನು ನಾನು ಕಣ್ಣುಮುಚ್ಚಿ ನಂಬುತ್ತೇನೆ. ಆಕೆ ಸಾವಿರಾರು ಮುಖ ನೋಡಿದ್ದಾಳೆ, ಆಮೇಲೆ ಏನಾಯಿತು ಅನ್ನುವುದನ್ನೂ ನೋಡಿದ್ದಾಳೆ. ಹದಿನೆಂಟು ಇಪ್ಪತ್ತರ ವಯಸ್ಸಿನವರು ಮೆಡಿಕಲ್ ಕಾಲೇಜನ್ನು ಆರಿಸುವುದು ಜೀವನದಲ್ಲಿ ಒಂದೇ ಸಲ. ಆ ವಿಷಯದಲ್ಲಿ ಅವರ ಮನಸ್ಸಿಗೆ ಪಳಗಲು ಅವಕಾಶವೇ ಸಿಕ್ಕಿರುವುದಿಲ್ಲ.

ಆದರೆ ಮನುಷ್ಯರನ್ನು ನೋಡಿ ಅಳೆಯುವುದರಲ್ಲಿ ಆ ವಯಸ್ಸಿನವರೂ ಪಳಗಿರುತ್ತಾರೆ. ಇದನ್ನು ನಾನು ತಪ್ಪು ಮಾಡಿ ಕಲಿತೆ. ಹಿಂದೊಮ್ಮೆ ಒಬ್ಬ ವಿದ್ಯಾರ್ಥಿ "ಫೀಸು ಕಡಿಮೆ ಇರೋ ಕಾಲೇಜು ಬೇಡ ಅನ್ಸುತ್ತೆ ಮೇಡಂ, ಅಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ" ಅಂದಿದ್ದ. ಅದೇನು ದೊಡ್ಡ ವಿಷಯವಲ್ಲ ಅಂತ ನಾನು ಅಲ್ಲೇ ಸೇರಿಸಿದೆ. ಆಮೇಲೆ ಗೊತ್ತಾಯಿತು. ಅವನು ಹೋದ ದಿನ ಸೀನಿಯರ್‌ಗಳು ಚೆನ್ನಾಗಿಯೇ ಮಾತಾಡುತ್ತಿದ್ದರು, ಮೇಷ್ಟ್ರು ಒಬ್ಬರು ಕಾರಿಡಾರಿಗೆ ಬಂದ ಕೂಡಲೇ ಎಲ್ಲರ ಬಾಯಿ ಕಟ್ಟಿತ್ತು. ಅದು ಭಯ. ಎಲ್ಲರೆದುರು ಅವಮಾನ ಮಾಡಿ ಕಲಿಸುವ ಜಾಗ ಅದಾಗಿತ್ತು. ಎರಡನೇ ವರ್ಷ ಮುಗಿಯುವ ಹೊತ್ತಿಗೆ ಆ ಹುಡುಗ ವಾರ್ಡಿನಲ್ಲಿ ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿಬಿಟ್ಟಿದ್ದ. "ಯಾವ ಕ್ಷಣದಲ್ಲಿ ಹಾಗನ್ನಿಸಿತು?" ಅಂತ ನಾನು ಒಂದು ಪ್ರಶ್ನೆ ಜಾಸ್ತಿ ಕೇಳಿದ್ದರೆ ಅವನೇ ಹೇಳುತ್ತಿದ್ದ. ಆ ಬೇಸರ ನನಗೆ ಇನ್ನೂ ಇದೆ.

ಈಗ ದುಡ್ಡಿನ ವಿಷಯ. ಅಪ್ಪನ ಹಾಳೆಗೂ ಹಿಸ್ಟರಿ ಬೇಕು, ಯಾಕೆಂದರೆ ಅದರಲ್ಲಿ ಇದ್ದದ್ದು ಫೀಸಿನ ವ್ಯತ್ಯಾಸ ಮಾತ್ರ, ಸಾಲದ ನಿಜವಾದ ಬೆಲೆಯಲ್ಲ. ದುಬಾರಿ ಕಾಲೇಜಿಗೆ ಐದು ವರ್ಷದಲ್ಲಿ ಒಟ್ಟು 100 ಜಾಸ್ತಿ ಬೇಕು ಅಂತ ಇಟ್ಟುಕೊಳ್ಳಿ. ಯಾವ ದುಡ್ಡಿನ ಲೆಕ್ಕದಲ್ಲಾದರೂ ಸರಿ. ಪ್ರತಿ ವರ್ಷದ ಶುರುವಿನಲ್ಲಿ 20ರಂತೆ ಸಾಲ, ಬಡ್ಡಿ ವರ್ಷಕ್ಕೆ ಶೇಕಡ 9, ಬಡ್ಡಿಯ ಮೇಲೂ ಬಡ್ಡಿ. ಡಾಕ್ಟರ ಓದು ಐದು ವರ್ಷಕ್ಕೆ ಮುಗಿಯುವುದಿಲ್ಲ, ಮುಂದೆ ಸ್ಪೆಷಾಲಿಟಿ ಓದು ಇದೆ. ಹಾಗಾಗಿ ಎಂಟನೇ ವರ್ಷದ ಕೊನೆಯಲ್ಲಿ ತೀರಿಸಲು ಶುರುಮಾಡಿದರೆ, ಆ 100 ಅಷ್ಟರಲ್ಲಿ ಸುಮಾರು 169 ಆಗಿರುತ್ತದೆ. ಅದನ್ನು ಅದೇ ಬಡ್ಡಿಗೆ ಹತ್ತು ವರ್ಷ ತಿಂಗಳ ಕಂತಿನಲ್ಲಿ ಕಟ್ಟಿದರೆ ಕೈಯಿಂದ ಹೋಗುವುದು ಒಟ್ಟು ಸುಮಾರು 257. ಹಾಳೆಯಲ್ಲಿ 100 ಅಂತ ಕಂಡದ್ದು ನಿಜವಾಗಿ ಎರಡೂವರೆ ಪಟ್ಟು. ನಾನು ಇದನ್ನು ಅಲ್ಲೇ ಪೆನ್ನಿನಲ್ಲಿ ಬರೆದು ತೋರಿಸಿದಾಗ ಅಪ್ಪನೂ ಸುಮ್ಮನಾದರು.

"ಡಾಕ್ಟರಾದ ಮೇಲೆ ತೀರಿಸಿದರಾಯಿತು" ಅಂತ ಎಲ್ಲರೂ ಹೇಳುತ್ತಾರೆ. ತೀರಿಸುತ್ತಾರೆ, ನಿಜ. ಆದರೆ ಕಂತು ತಲೆಯ ಮೇಲಿದ್ದಾಗ ಆಯ್ಕೆಗಳು ಕಿರಿದಾಗುತ್ತವೆ. ಪಾಠ ಮಾಡುವ ಆಸೆ, ಸಂಶೋಧನೆಯ ಆಸೆ, ದೊಡ್ಡ ಆಸ್ಪತ್ರೆ ಇಲ್ಲದ ಕಡೆ ಕೆಲಸ ಮಾಡುವ ಆಸೆ, ಮಗು ಸಣ್ಣದಿರುವಾಗ ಒಂದು ವರ್ಷ ಡ್ಯೂಟಿ ಕಡಿಮೆ ಮಾಡಿಕೊಳ್ಳುವ ಆಸೆ, ಇವೆಲ್ಲ ಮೊದಲು ಬ್ಯಾಂಕಿನ ಅಪ್ಪಣೆ ಕೇಳಬೇಕಾಗುತ್ತದೆ. ಜೊತೆಗೆ ಸೇರುವ ಮೊದಲೇ ಬರವಣಿಗೆಯಲ್ಲಿ ಪಡೆಯಬೇಕಾದ ಕೆಲವು ಉತ್ತರಗಳಿವೆ. ಫೀಸು ವರ್ಷವರ್ಷ ಏರುತ್ತದಾ? ಸ್ಕಾಲರ್‌ಶಿಪ್ ಉಳಿಯಲು ಎಷ್ಟು ಅಂಕ ಬೇಕು? ಬಾಂಡ್, ಅಂದರೆ ಓದು ಮುಗಿದ ಮೇಲೆ ಇಷ್ಟು ವರ್ಷ ಹೇಳಿದ ಕಡೆ ಕೆಲಸ ಮಾಡಬೇಕು ಅನ್ನುವ ಕರಾರು, ಇದೆಯಾ, ಎಷ್ಟು ವರ್ಷ?

ಎರಡೂ ಕಾಲೇಜಿನ ಪದವಿಗೆ ನೀವು ಕೆಲಸ ಮಾಡಬೇಕೆಂದಿರುವ ಕಡೆ ಲೈಸೆನ್ಸ್ ಸಿಗುತ್ತದೆ ಅನ್ನುವುದನ್ನು ಎಲ್ಲಕ್ಕಿಂತ ಮೊದಲು ಖಚಿತ ಮಾಡಿಕೊಳ್ಳಿ. ಅದಿಲ್ಲದಿದ್ದರೆ ಉಳಿದ ಮಾತೇ ಬೇಡ. ಅದಿದ್ದರೆ, ನನ್ನ ಅಭಿಪ್ರಾಯ ಸಾಮಾನ್ಯವಾಗಿ ಕಡಿಮೆ ಖರ್ಚಿನ ಕಡೆಗೇ. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಅಮೆರಿಕ ಮತ್ತು ಕೆನಡಾದ 155 ಮೆಡಿಕಲ್ ಶಾಲೆಗಳ ಬಗ್ಗೆ ವರದಿ ಕೊಟ್ಟರು. ಅವರು ಡಾಕ್ಟರಲ್ಲ, ಶಿಕ್ಷಕರು. ಆದರೂ ಅವರು ಕೇಳಿದ್ದು ಸರಿಯಾದ ಪ್ರಶ್ನೆಗಳನ್ನೇ: ಪ್ರವೇಶಕ್ಕೆ ಏನು ಅರ್ಹತೆ, ಕಲಿಸುವವರು ಎಷ್ಟು ಜನ ಮತ್ತು ಎಂಥವರು, ದುಡ್ಡು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಲ್ಯಾಬು ಹೇಗಿದೆ, ಆಸ್ಪತ್ರೆಯ ಜೊತೆ ಶಾಲೆಗೆ ಎಂಥ ಸಂಬಂಧ. ಕೊನೆಯ ಪ್ರಶ್ನೆ ಇವತ್ತಿಗೂ ಎಲ್ಲಕ್ಕಿಂತ ದೊಡ್ಡದು. ಹಾಸಿಗೆ ತುಂಬ ರೋಗಿಗಳು, ಅವರನ್ನು ಮುಟ್ಟಿ ಮಾತಾಡಿಸಲು ವಿದ್ಯಾರ್ಥಿಗೆ ಅವಕಾಶ, ಪಕ್ಕದಲ್ಲಿ ಹೇಳಿಕೊಡುವವರು. ಇವು ಇರುವಲ್ಲಿ ಒಳ್ಳೆಯ ಡಾಕ್ಟರು ತಯಾರಾಗುತ್ತಾರೆ. ಗೋಡೆಯ ಬಣ್ಣಕ್ಕೆ, ಹೆಸರಿನ ಹೊಳಪಿಗೆ 257 ಕೊಡಬೇಡಿ. ಆದರೆ ಹಿಸ್ಟರಿ ತೆಗೆದ ಮೇಲೆ ಹೊರಬಂದದ್ದು ಭಯದ ವಾತಾವರಣ, ಖಾಲಿ ವಾರ್ಡು ಅಥವಾ ಕಲಿಸುವವರೇ ಇಲ್ಲದ ವಿಭಾಗ ಆಗಿದ್ದರೆ, ಸಾಲ ಮಾಡಿದರೂ ಸರಿ, ಇನ್ನೊಂದು ಕಡೆ ಹೋಗಿ ಅಂತ ನಾನೇ ಹೇಳುತ್ತೇನೆ.

ಆ ಹುಡುಗಿಗೆ ಒಂದು ವಾರದ ಕೆಲಸ ಕೊಟ್ಟೆ. ಕಡಿಮೆ ಫೀಸಿನ ಕಾಲೇಜಿನ ಮೂರನೇ ವರ್ಷದ ಮೂವರನ್ನು ಹುಡುಕಿ ಮಾತಾಡಿಸು. "ಕಾಲೇಜು ಹೇಗಿದೆ" ಅಂತ ಕೇಳಬೇಡ, "ಚೆನ್ನಾಗಿದೆ" ಅಂತ ಹೇಳಿ ಮುಗಿಸುತ್ತಾರೆ. ನಿನ್ನೆ ವಾರ್ಡಿನಲ್ಲಿ ಏನು ಮಾಡಿದಿರಿ, ಒಬ್ಬ ರೋಗಿಯ ಸುತ್ತ ಎಷ್ಟು ಜನ ನಿಂತಿದ್ದಿರಿ, ತಪ್ಪು ಉತ್ತರ ಕೊಟ್ಟಾಗ ಮೇಷ್ಟ್ರು ಏನಂದರು, ಇದನ್ನು ಕೇಳು ಅಂದೆ.

ವಾರ ಕಳೆದು ಅಪ್ಪ ಮಗಳು ಇಬ್ಬರೂ ಬಂದರು. ಈ ಸಲ ಹಾಳೆ ಅವಳ ಕೈಯಲ್ಲಿತ್ತು. ಬೆಳಗಿನ ಕ್ಲಿನಿಕ್ಕಿನಲ್ಲಿ ಒಬ್ಬ ರೋಗಿಯ ಸುತ್ತ ಹದಿನೈದು ಜನ, ಹಿಂದೆ ನಿಂತವರಿಗೆ ಏನೂ ಕಾಣುವುದಿಲ್ಲವಂತೆ. ಆದರೆ ಸಂಜೆ ವಾರ್ಡಿಗೆ ಬಂದವರನ್ನು ಯಾರೂ ವಾಪಸ್ ಕಳಿಸುವುದಿಲ್ಲ. ಡ್ಯೂಟಿಯಲ್ಲಿರುವ ಹೌಸ್ ಸರ್ಜನ್‌ಗಳು, ಅಂದರೆ ಪರೀಕ್ಷೆ ಮುಗಿಸಿ ತರಬೇತಿಯಲ್ಲಿರುವ ಹೊಸ ಡಾಕ್ಟರುಗಳು, ಒಬ್ಬೊಬ್ಬರಿಗೂ ತೋರಿಸಿಕೊಡುತ್ತಾರೆ. ಮೂವರಲ್ಲಿ ಇಬ್ಬರು ಸ್ಪ್ಲೀನ್ ಮುಟ್ಟಿ ಕಲಿತದ್ದೂ ಹಾಗೇ ಒಂದು ಸಂಜೆ. "ನಾನು ಸಂಜೆ ಹೋಗ್ತೀನಿ ಮೇಡಂ" ಅಂದಳು. ಉಳಿಯುವ ದುಡ್ಡನ್ನು ಅವಳ ಪಿಜಿಗೆ ಅಂತ ಬೇರೆ ಖಾತೆಯಲ್ಲಿ ಇಡುವುದಾಗಿ ಅಪ್ಪ ಹಾಳೆಯ ಕೆಳಗೆ ಆಗಲೇ ಬರೆದುಕೊಂಡಿದ್ದರು.